ಹಲ್ಲುನೋವೂ ಐದು ದಿನದ ಗುಳಿಗೆಯೂ



ಡೊಂಬಿವಲಿ ಎಂಐಡಿಸಿಯ ಆಸುಪಾಸಿನಲ್ಲಿ ಹಲ್ಲಿನ ಚಿಕಿತ್ಸೆ ಮಾಡುತ್ತಾ ಬಂದವನು ನಾನು. ಕಾರ್ಖಾನೆಯವರು, ಹೋಟೆಲಿನವರು, ಬೆಳಿಗ್ಗೆ ಏಳರ ಲೋಕಲ್ ಹಿಡಿದು ಕೋಟೆಯ ಕಡೆ ಆಫೀಸಿಗೆ ಹೋಗುವವರು ಎಲ್ಲರೂ ಬರುತ್ತಾರೆ. ನಮ್ಮ ಕನ್ನಡದವರ ಬಾಯಲ್ಲಿ ಒಂದು ಮಾತು ಬಹಳ ಕೇಳಿದ್ದೇನೆ: “ಈಗ ಏನಾದರೂ ಒಂದು ಗುಳಿಗೆ ಕೊಡಿ ಡಾಕ್ಟ್ರೇ, ಮೇ ತಿಂಗಳಲ್ಲಿ ಊರಿಗೆ ಹೋದಾಗ ಸರಿಯಾಗಿ ಮಾಡಿಸಿಕೊಳ್ಳುತ್ತೇನೆ.” ಊರೆಂದರೆ ಕೆಲವರಿಗೆ ಕುಂದಾಪುರ, ಕಾರ್ಕಳ, ಇನ್ನು ಕೆಲವರಿಗೆ ಕಲಬುರಗಿ, ವಿಜಯಪುರ. ಮತ್ಸ್ಯಗಂಧಕ್ಕೋ ಉದ್ಯಾನ್ ಎಕ್ಸ್‌ಪ್ರೆಸ್ಸಿಗೋ ಟಿಕೇಟು ಎರಡು ತಿಂಗಳು ಮೊದಲೇ ತೆಗೆದಿಟ್ಟಿರುತ್ತಾರೆ. ಆದರೆ ಹಲ್ಲು ನಮ್ಮ ಟಿಕೇಟಿನ ತಾರೀಕು ನೋಡಿ ನೋಯುವುದಿಲ್ಲವಲ್ಲ. ನವೆಂಬರಿನಲ್ಲಿ ನೋವು ಶುರುವಾದರೆ ಮೇ ತನಕ ಅದನ್ನು ಹೇಗೋ ತಡೆದಿಡಬೇಕು. ಹಾಗೆ ತಡೆದಿಡುವ ಕೆಲಸಕ್ಕೆ ನಾವು ಆಂಟಿಬಯೋಟಿಕ್ ಗುಳಿಗೆಯನ್ನು ಹಚ್ಚಿದ್ದೇವೆ. ಆ ಕೆಲಸ ಅದಕ್ಕೆ ಬರುವುದಿಲ್ಲ ಎಂಬುದನ್ನು ಹೇಳುವುದಕ್ಕೇ ಇವತ್ತು ಬಂದದ್ದು.

ಏಕೆ ಬರುವುದಿಲ್ಲ ಎನ್ನುವುದಕ್ಕೆ ಹಲ್ಲಿನ ಒಳಗನ್ನು ಸ್ವಲ್ಪ ನೋಡಬೇಕು. ಹಲ್ಲು ಹೊರಗಿನಿಂದ ಕಲ್ಲಿನಂತೆ ಕಂಡರೂ ಅದರ ನಡುವೆ ಮೆತ್ತನೆಯ ತಿರುಳು ಇದೆ. ಅದರಲ್ಲಿ ನರ ಇದೆ, ರಕ್ತನಾಳ ಇದೆ. ಇವೆಲ್ಲ ಒಳಗೆ ಬರುವುದು ಬೇರಿನ ತುದಿಯ ಸೂಜಿಮೊನೆಯಷ್ಟು ಸಣ್ಣ ತೂತಿನಿಂದ. ಹುಳುಕು ತಿರುಳಿನ ಹತ್ತಿರ ಬಂದಾಗ ತಿರುಳು ಊದಿಕೊಳ್ಳಲು ನೋಡುತ್ತದೆ. ಸುತ್ತ ಗಟ್ಟಿ ಗೋಡೆ, ಊದಿಕೊಳ್ಳಲು ಜಾಗವಿಲ್ಲ. ರಾತ್ರಿ ಮಲಗಿದ ಮೇಲೆ ಕಿವಿಯವರೆಗೂ ಬಡಿಯುವ ಆ ನೋವು ಈ ಒತ್ತಡದಿಂದ ಬಂದದ್ದು. ಆ ಹಂತದಲ್ಲಿ ಆಂಟಿಬಯೋಟಿಕ್ ನುಂಗಿದರೆ ನೋವು ಕಡಿಮೆಯಾಗುವುದಿಲ್ಲ. ಕಡಿಮೆಯಾಯಿತು ಎಂದು ನಿಮಗೆ ಅನಿಸಿದ್ದರೆ ಅದು ಜೊತೆಯಲ್ಲಿ ಕೊಟ್ಟ ನೋವಿನ ಗುಳಿಗೆಯ ಕೆಲಸ.

ಇನ್ನೂ ಕೆಲವು ದಿನ ಕಳೆದರೆ ತಿರುಳು ಸತ್ತುಹೋಗುತ್ತದೆ. ನೋವು ತಟ್ಟನೆ ನಿಲ್ಲುತ್ತದೆ. “ಗುಣವಾಯಿತು” ಎಂದು ಮನೆಯಲ್ಲಿ ಸಂತೋಷ. ಹಲ್ಲಿನ ವಿಷಯದಲ್ಲಿ ನಾನು ಹೆದರುವುದು ಈ ಸಂತೋಷಕ್ಕೆ. ಸತ್ತ ತಿರುಳಿನ ಕೊಳವೆಯಲ್ಲಿ ರೋಗಾಣುಗಳು ಆರಾಮವಾಗಿ ಮನೆ ಮಾಡುತ್ತವೆ. ನಾವು ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಕರಗಿ, ರಕ್ತದ ಜೊತೆ ಮೈಯೆಲ್ಲಾ ಓಡಾಡುತ್ತದೆ. ರಕ್ತ ಹೋಗದ ಕಡೆ ಅದೂ ಹೋಗಲಾರದು. ಬಿಲ್ಡಿಂಗಿನ ಟಾಕಿಯಲ್ಲಿ ನೀರು ತುಂಬಿದ್ದರೂ ನಿಮ್ಮ ಮನೆಯ ಲೈನ್ ಬಂದ್ ಆಗಿದ್ದರೆ ನಳದಲ್ಲಿ ನೀರು ಬರುತ್ತದೆಯೇ? ಹಾಗೆಯೇ ಇದು. ಬೇರಿನ ಹೊರಗೆ, ಎಲುಬಿನಲ್ಲಿ ಸೇರಿದ ಸೋಂಕು ಗುಳಿಗೆಯಿಂದ ಸ್ವಲ್ಪ ತಗ್ಗಬಹುದು, ಕೆನ್ನೆಯ ಊತ ಇಳಿಯಬಹುದು. ಗೂಡು ಮಾತ್ರ ಹಲ್ಲಿನೊಳಗೆ ಹಾಗೇ ಇರುತ್ತದೆ. ಅದನ್ನು ತೆಗೆಯಲು ಇರುವ ದಾರಿಗಳು ಬೆರಳೆಣಿಕೆಯವು: ರೂಟ್ ಕೆನಾಲ್ ಮಾಡಿ ಕೊಳವೆ ಸ್ವಚ್ಛಗೊಳಿಸುವುದು, ಕೀವಿಗೆ ದಾರಿ ಮಾಡಿಕೊಡುವುದು, ಇಲ್ಲವೇ ಹಲ್ಲನ್ನು ಕೀಳುವುದು. ಅಮೆರಿಕದ ದಂತವೈದ್ಯ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುವುದೂ ಇದನ್ನೇ. ಹಲ್ಲಿಗೇ ಚಿಕಿತ್ಸೆ ಮಾಡುವ ಅನುಕೂಲ ಇರುವಾಗ, ಆರೋಗ್ಯವಂತರ ಹಲ್ಲುನೋವಿಗೆ, ಬಾಯೊಳಗಿನ ಸಣ್ಣ ಬಾವಿಗೆ ಆಂಟಿಬಯೋಟಿಕ್ ಬೇಡ ಎನ್ನುತ್ತದೆ ಅದು.

ಒಬ್ಬರ ಸಂಗತಿ ಹೇಳುತ್ತೇನೆ. ಫೇಸ್ ಎರಡರಲ್ಲಿ ಕೆಲಸ, ಬಯಲುಸೀಮೆಯ ಕಡೆಯವರು, ಮೂವತ್ತೈದರ ಪ್ರಾಯ. ಕೆಳಗಿನ ಹಿಂದಿನ ದವಡೆಹಲ್ಲು ಹುಳುಕಾಗಿತ್ತು. ಶಿಫ್ಟ್ ಬಿಟ್ಟು ಬರುವಾಗ ಮೆಡಿಕಲ್ ಒಂದರಲ್ಲಿ ಹೇಳಿ ಗುಳಿಗೆ ತೆಗೆದುಕೊಂಡರು. ಐದು ದಿನದ್ದು ಕೊಟ್ಟರೆ ಮೂರೇ ದಿನಕ್ಕೆ ಊತ ಇಳಿಯಿತು, ಉಳಿದದ್ದನ್ನು ಎತ್ತಿಟ್ಟರು. ಆರು ವಾರಕ್ಕೆ ಮತ್ತೆ ಊತ, ಎತ್ತಿಟ್ಟದ್ದನ್ನು ನುಂಗಿದರು. ಮೂರನೆಯ ಸಲ ಅದೇ ಸ್ಟ್ರಿಪ್ ತೋರಿಸಿ ಹೊಸತು ಕೊಂಡರು. ನಾಲ್ಕನೆಯ ಸಲ ಊತ ಕೆನ್ನೆಗೆ ಬರಲಿಲ್ಲ, ಗದ್ದದ ಕೆಳಗೆ ಇಳಿಯಿತು. ರಾತ್ರಿ ನನ್ನಲ್ಲಿಗೆ ಕರೆತಂದಾಗ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಉಗುಳು ನುಂಗಲಾಗದೆ ಬಾಯಿಂದ ಸುರಿಯುತ್ತಿತ್ತು, ನಾಲಿಗೆ ಮೇಲಕ್ಕೆದ್ದಿತ್ತು. ಲುಡ್ವಿಗ್ ಎಂಬ ಜರ್ಮನ್ ವೈದ್ಯರು 1836ರಲ್ಲೇ ವರ್ಣಿಸಿದ ಕಾಯಿಲೆ ಇದು, ಈಗಲೂ ಅವರ ಹೆಸರಿನಲ್ಲೇ ಇದೆ. ಗಂಟಲಿನ ಉಸಿರಿನ ದಾರಿಯೇ ಮುಚ್ಚಿಹೋಗಬಹುದು. ಕ್ಲಿನಿಕ್ಕಿನಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಯಿತು. ಕುತ್ತಿಗೆಯನ್ನು ಹೊರಗಿನಿಂದ ಕೊಯ್ದು ಕೀವು ತೆಗೆದರು. ಬದುಕಿಕೊಂಡರು. ಊರಿನ ಟಿಕೇಟು ರದ್ದಾಯಿತು, ಒಂದು ತಿಂಗಳ ಸಂಬಳ ಹೋಯಿತು, ಅವರ ಹೆಂಡತಿಯ ಬಳೆ ಅಡವಿಗೆ ಹೋಯಿತು.

ಹಾಗಾದರೆ ಆಂಟಿಬಯೋಟಿಕ್ ಬೇಡವೇ ಬೇಡವೇ ಎಂದರೆ, ಖಂಡಿತ ಬೇಕು, ಅದರ ಸಮಯದಲ್ಲಿ. ಊತದ ಜೊತೆ ಜ್ವರ ಬಂದಿದೆ, ಮೈ ನಡುಗುತ್ತಿದೆ, ಊತ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹರಡುತ್ತಿದೆ, ಮೂರು ಬೆರಳು ಹೋಗುತ್ತಿದ್ದ ಬಾಯಿ ತೆರೆಯುತ್ತಿಲ್ಲ ಎಂದಾಗ ಅದು ಬೇಕೇಬೇಕು, ಆದರೆ ಹಲ್ಲಿನ ಚಿಕಿತ್ಸೆಯ ಜೊತೆಗೆ. ನುಂಗಲು ಉಸಿರಾಡಲು ಕಷ್ಟವಾದರೆ ಹಲ್ಲಿನ ಡಾಕ್ಟರರ ಬಾಗಿಲು ತೆರೆಯುವುದನ್ನು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರು, ಕ್ಯಾನ್ಸರಿನ ಔಷಧಿಯಲ್ಲಿ ಇರುವವರು ಸಣ್ಣ ಊತವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು.

ಇನ್ನು ಕೆಲವರಿಗೆ ಹಲ್ಲಿನ ಕೆಲಸಕ್ಕೆ ಮೊದಲೇ ಒಂದು ಡೋಸ್ ಕೊಡುವುದುಂಟು. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು, ಹೃದಯದ ಒಳಪೊರೆಗೆ ಹಿಂದೊಮ್ಮೆ ಸೋಂಕು ಆದವರು, ಹುಟ್ಟಿನಿಂದ ಬಂದ ಕೆಲವು ಹೃದಯದೋಷಗಳು ಇದ್ದವರು ಆ ಗುಂಪಿಗೆ ಸೇರುತ್ತಾರೆ. ಸಾಮಾನ್ಯವಾಗಿ ಕೆಲಸಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಒಂದೇ ಸಲ ಕೊಡುವುದು. ಐದು ದಿನದ ಕೋರ್ಸ್ ಅಲ್ಲ. ಆಂಜಿಯೋಪ್ಲಾಸ್ಟಿ ಆದವರು, ಸ್ಟೆಂಟ್ ಇರುವವರು ತಮಗೂ ಬೇಕೆಂದು ಕೇಳುತ್ತಾರೆ. ಬರೀ ಸ್ಟೆಂಟಿಗೆ ಅದು ಬೇಕಿಲ್ಲ. ಮೊಣಕಾಲು ಬದಲಿಸಿಕೊಂಡ ಹಿರಿಯರಿಗೂ ಸಾಮಾನ್ಯವಾಗಿ ಬೇಕಿಲ್ಲ ಎಂದು 2015ರಿಂದ ಅಮೆರಿಕದ ಅದೇ ಸಂಘ ಹೇಳುತ್ತಿದೆ. ಹೇಗೂ ನಿಮ್ಮ ಹೃದಯದ ಕಾಗದಪತ್ರಗಳನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ. ರಕ್ತ ತೆಳುವಾಗುವ ವಾರ್ಫರಿನ್ ತೆಗೆದುಕೊಳ್ಳುವವರು ಅದನ್ನು ಮರೆಯದೆ ಹೇಳಬೇಕು. ಹಲ್ಲಿಗೆ ಬಹಳ ಬರೆಯುವ ಮೆಟ್ರೋನಿಡಜೋಲ್ ಅದರ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪೆನ್ಸಿಲಿನ್ ಆಗಿಬರದವರೂ ಹಾಗೆಯೇ, ಮೊದಲೇ ಹೇಳಬೇಕು.

ನಮ್ಮ ವೃತ್ತಿಯವರಲ್ಲೂ ಕೆಲವರು, ಆರೋಗ್ಯವಾಗಿರುವವರ ಒಂದು ಸಾದಾ ಹಲ್ಲು ಕಿತ್ತ ಮೇಲೂ ಐದು ದಿನದ ಗುಳಿಗೆ ಬರೆಯುತ್ತಾರೆ. ಬರೆಯದಿದ್ದರೆ ರೋಗಿಗೆ ಸಮಾಧಾನವಿಲ್ಲ ಎನ್ನುವುದು ಅವರ ವಾದ. ಈ ವಾದ ನನಗೆ ಒಪ್ಪಿಗೆಯಿಲ್ಲ. “ಡಾಕ್ಟ್ರೇ, ಇದರಲ್ಲಿ ಆಂಟಿಬಯೋಟಿಕ್ ಯಾವುದು? ನನಗೆ ಯಾಕೆ ಬೇಕು? ಎಷ್ಟು ದಿನ?” ಎಂದು ಕೇಳುವುದು ಅವಿನಯವಲ್ಲ. ಮೂರನೆಯ ದಿನ ಮತ್ತೆ ತೋರಿಸಿ. ಗುಳಿಗೆ ನಿಲ್ಲಿಸುವುದೋ ಮುಂದುವರಿಸುವುದೋ ಡಾಕ್ಟರು ನೋಡಿ ಹೇಳಲಿ. ನಮ್ಮಷ್ಟಕ್ಕೆ ನಿಲ್ಲಿಸಿ ಮಿಕ್ಕದ್ದನ್ನು ಫ್ರಿಜ್ಜಿನ ಮೇಲಿನ ಡಬ್ಬಿಗೆ ಹಾಕಿಡುವುದು ಬೇಡ. ಆ ಡಬ್ಬಿಯಿಂದಲೇ ಮಕ್ಕಳಿಗೂ ಹೋಗುವುದು. ಟೆಟ್ರಾಸೈಕ್ಲಿನ್ ಜಾತಿಯ ಗುಳಿಗೆ ಎಂಟು ವರ್ಷದೊಳಗಿನ ಮಕ್ಕಳಿಗೆ ಹೋದರೆ ಮುಂದೆ ಹುಟ್ಟುವ ಹಲ್ಲಿಗೆ ಅಳಿಸಲಾಗದ ಕಂದು ಬಣ್ಣ ಬರಬಹುದು.

ಮೆಡಿಕಲ್ಲಿನಲ್ಲಿ ಹಲ್ಲುನೋವು ಎಂದರೆ ಎಷ್ಟೋ ಸಲ ಹೊಟ್ಟೆ ಕೆಟ್ಟಾಗ ಕೊಡುವ ಓಫ್ಲೋಕ್ಸಾಸಿನ್, ಆರ್ನಿಡಜೋಲ್ ಜೋಡಿ ಗುಳಿಗೆ ಕೈಗೆ ಬರುತ್ತದೆ. ಹಲ್ಲಿನ ಸೋಂಕಿಗೆ ಮೊದಲು ಆರಿಸುವ ಔಷಧಿ ಅದಲ್ಲ. ಸ್ಟ್ರಿಪ್‌ನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿ. ಈ ಗೆರೆಯ ಬಗ್ಗೆ ಕೇಂದ್ರ ಸರಕಾರ 2016ರಲ್ಲಿ ಪ್ರಚಾರವನ್ನೂ ಮಾಡಿತು. ಗೆರೆ ಸ್ಟ್ರಿಪ್‌ನಲ್ಲಿದೆ, ನಾವು ನೋಡುವುದಿಲ್ಲ.

2020ರ ಫೆಬ್ರವರಿಯಲ್ಲಿ ನಮ್ಮ ಎಂಐಡಿಸಿಯ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಊರೆಲ್ಲ ಎದ್ದುನಿಂತಿತು, ಮುಖ್ಯಮಂತ್ರಿಗಳೇ ಬಂದು ನೋಡಿದರು. ಕಣ್ಣಿಗೆ ಕಂಡದ್ದಕ್ಕೆ ನಾವು ಕೂಗುತ್ತೇವೆ. ಸುಮ್ಮಸುಮ್ಮನೆ ನುಂಗಿದ ಆಂಟಿಬಯೋಟಿಕ್‌ನಿಂದ ನಮ್ಮದೇ ಬಾಯಲ್ಲಿ, ಕರುಳಲ್ಲಿ ಬಗ್ಗದ ರೋಗಾಣುಗಳು ಬೆಳೆಯುವುದು ಯಾರಿಗೂ ಕಾಣುವುದಿಲ್ಲ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲೇ ಇದನ್ನು ಎಚ್ಚರಿಸಿದ್ದರು. ಅಂಗಡಿಯಲ್ಲಿ ಕೊಂಡು ಸಾಲದ ಪ್ರಮಾಣದಲ್ಲಿ ನುಂಗುವವನಿಂದ ಅವನ ಮನೆಯವರಿಗೇ ಕೇಡು ಎಂದು. ಔಷಧಿಗೆ ಬಗ್ಗದ ಸೋಂಕುಗಳಿಂದಲೇ 2019ರ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ತೀರಿಕೊಂಡರು ಎಂದು ಅಂದಾಜು.

“ಸರಿ ಡಾಕ್ಟ್ರೇ, ಆದರೆ ರಾತ್ರಿ ಹನ್ನೊಂದಕ್ಕೆ ನೋವು ಬಂದರೆ?” ನ್ಯಾಯವಾದ ಪ್ರಶ್ನೆ. ಬೇರೆ ಕಾಯಿಲೆ ಇಲ್ಲದ ದೊಡ್ಡವರು ಊಟವಾದ ಮೇಲೆ ಐಬುಪ್ರೊಫೆನ್, ಜೊತೆಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಹಲ್ಲುನೋವಿಗೆ ಈ ಜೋಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು, ಆಸ್ತಮಾ ಇದ್ದವರಿಗೆ, ರಕ್ತ ತೆಳುವಾಗುವ ಗುಳಿಗೆ ನುಂಗುವವರಿಗೆ, ಗರ್ಭಿಣಿಯರಿಗೆ ಐಬುಪ್ರೊಫೆನ್ ಬೇಡ. ಮಳೆಗಾಲದಲ್ಲಿ ಡೆಂಗ್ಯೂ ಸಂಶಯವಿರುವ ಜ್ವರ ಇದ್ದರೂ ಬೇಡ. ಆಸ್ಪಿರಿನ್ ಗುಳಿಗೆಯನ್ನು ವಸಡಿನ ಮೇಲೆ ಒತ್ತಿಡುವುದನ್ನು ದಯವಿಟ್ಟು ಬಿಡಿ, ವಸಡು ಸುಟ್ಟುಹೋಗುತ್ತದೆ. ತಲೆದಿಂಬು ಎತ್ತರ ಮಾಡಿ ಮಲಗಿ. ಬೆಳಿಗ್ಗೆ ಹಲ್ಲಿನ ಡಾಕ್ಟರಲ್ಲಿಗೆ ಹೋಗಿ.

ಉಳಿದದ್ದು ದುಡ್ಡಿನ ಮಾತು. ಗುಳಿಗೆ ನೂರಿನ್ನೂರಕ್ಕೆ ಮುಗಿಯುತ್ತದೆ, ರೂಟ್ ಕೆನಾಲ್ ಸಾವಿರಗಳಲ್ಲಿ. ಗಲ್ಲೆಯಲ್ಲಿ ಕೂತವರಿಗೆ ನಡೆದೀತು, ಟೇಬಲ್ ಒರೆಸುವ ಹುಡುಗನಿಗೆ ಕಷ್ಟ. ಆದರೆ ಊರಿನ ತನಕ ಕಾಯಬೇಕಾಗಿಲ್ಲ. ಮುಂಬಯಿಯಲ್ಲಿ ಸಿಎಸ್‌ಎಂಟಿ ಹತ್ತಿರ, ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಕಾಲೇಜಿದೆ. ಮುಂಬಯಿ ಸೆಂಟ್ರಲಿನಲ್ಲಿ ನಾಯರ್ ದಂತ ಕಾಲೇಜಿದೆ. ನವಿ ಮುಂಬಯಿಯ ನೆರೂಲ್, ಬೇಲಾಪುರ, ಖಾರ್ಘರ್, ಕಾಮೋಠೆಗಳಲ್ಲೂ ದಂತ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ಶಿಕ್ಷಕರ ಕಣ್ಣೆದುರು ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ, ಖರ್ಚು ಖಾಸಗಿಗಿಂತ ಎಷ್ಟೋ ಕಡಿಮೆ, ಸಮಯ ಮಾತ್ರ ಹೆಚ್ಚು ಬೇಕು. ಎರಡನೆಯ ಶಿಫ್ಟ್ ಇರುವ ವಾರದಲ್ಲಿ ಬೆಳಿಗ್ಗೆ ಬೇಗ ಹೊರಟು ಕೇಸ್ ಪೇಪರ್ ಮಾಡಿಸಿಕೊಳ್ಳಿ. ಹಳೆಯ ಎಕ್ಸ್‌ರೇ, ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಸ್ಟ್ರಿಪ್ ಜೊತೆಯಲ್ಲಿರಲಿ.