ತುಪ್ಪಳವೇ ಮುಳುವಾದ ಕಡಲ ನೀರುನಾಯಿ



ನೀರುನಾಯಿ ಕನ್ನಡಿಗರಿಗೆ ಅಪರಿಚಿತ ಪ್ರಾಣಿಯಲ್ಲ. ಕಾವೇರಿ, ತುಂಗಭದ್ರಾ ನದಿಗಳ ಬಂಡೆಗಳ ನಡುವೆ ಗುಂಪುಗೂಡಿ ಮೀನು ಹಿಡಿಯುವ ಈ ಪ್ರಾಣಿಯನ್ನು ದಂಡೆಯ ಊರುಗಳವರು ಬಲ್ಲರು. ಇದರ ನೆಂಟನೊಂದು ನದಿಯನ್ನು ತೊರೆದು ಕಡಲನ್ನೇ ಮನೆ ಮಾಡಿಕೊಂಡಿದೆ. ಪೆಸಿಫಿಕ್ ಸಾಗರದ ಉತ್ತರ ಅಂಚಿನಲ್ಲಿ, ರಷ್ಯಾದ ಕಮ್ಚಟ್ಕಾದಿಂದ ಅಲಾಸ್ಕಾ ಮತ್ತು ಕ್ಯಾಲಿಫೋರ್ನಿಯಾದವರೆಗೆ, ದಡಕ್ಕೆ ಸಮೀಪದ ತಣ್ಣೀರಿನಲ್ಲಿ ಅದರ ವಾಸ. ಉಣ್ಣುವುದು, ನಿದ್ರಿಸುವುದು, ಮರಿ ಸಾಕುವುದು ಬಹುಮಟ್ಟಿಗೆ ನೀರಿನಲ್ಲೇ. ಅದರ ಕಥೆಯೆಂದರೆ ಅದು ಹೊದ್ದಿರುವ ತುಪ್ಪಳದ ಕಥೆ. ಜೀವ ಕಾಯುವ ತುಪ್ಪಳವೇ ಅದರ ಜೀವಕ್ಕೆ ಎರವಾಯಿತು.

ತಿಮಿಂಗಿಲ, ಸೀಲ್ ಮುಂತಾದ ಕಡಲ ಸಸ್ತನಿಗಳಿಗೆ ಚಳಿ ತಡೆಯಲು ಚರ್ಮದಡಿ ಕೊಬ್ಬಿನ ದಪ್ಪ ಪದರವಿದೆ. ಕಡಲ ನೀರುನಾಯಿಗೆ ಅದಿಲ್ಲ. ಅದಕ್ಕಿರುವುದು ಕೂದಲು ಮಾತ್ರ. ಮನುಷ್ಯನ ಇಡೀ ತಲೆಯ ಮೇಲೆ ಇರುವ ಕೂದಲು ಸುಮಾರು ಒಂದು ಲಕ್ಷ. ಈ ಪ್ರಾಣಿಯ ಮೈಯಲ್ಲಿ ಒಂದೇ ಚದರ ಸೆಂಟಿಮೀಟರ್ ಜಾಗದಲ್ಲಿ ಅದಕ್ಕಿಂತ ಹೆಚ್ಚು ಕೂದಲಿರಬಲ್ಲವು. ಬೇರಾವ ಸಸ್ತನಿಗೂ ಇಷ್ಟು ಒತ್ತಾದ ತುಪ್ಪಳವಿಲ್ಲ. ಕೂದಲ ನಡುವೆ ಸಿಕ್ಕಿಕೊಂಡ ಗಾಳಿ ತಣ್ಣೀರು ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಕೊಳೆ ಹತ್ತಿದರೆ ಗಾಳಿ ನಿಲ್ಲದು. ಆದ್ದರಿಂದ ದಿನದ ಹಲವು ಗಂಟೆ ಮೈ ಉಜ್ಜಿ ನೆಕ್ಕಿ ಶುಚಿ ಮಾಡಿಕೊಳ್ಳುವುದೇ ಅದಕ್ಕೆ ಕೆಲಸ.

ಮೈಯ ಕಾವು ಉಳಿಯಬೇಕಾದರೆ ಹೊಟ್ಟೆಗೂ ಧಾರಾಳವಾಗಿ ಬೀಳಬೇಕು. 30 ಕಿಲೋ ತೂಗುವ ಪ್ರಾಣಿ ದಿನಕ್ಕೆ ಆರೇಳು ಕಿಲೋ ತಿನ್ನುತ್ತದೆ. ಕಪ್ಪೆಚಿಪ್ಪು, ಏಡಿ, ಮೈತುಂಬ ಮುಳ್ಳಿರುವ ಚೆಂಡಿನಾಕಾರದ ಸೀ ಅರ್ಚಿನ್ ಅದರ ಮುಖ್ಯ ಆಹಾರ. ಕಡಲ ತಳದಿಂದ ಚಿಪ್ಪನ್ನೂ ಒಂದು ಕಲ್ಲನ್ನೂ ತಂದು, ನೀರಿನ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಕಲ್ಲಿಟ್ಟು ಚಿಪ್ಪನ್ನು ಅದಕ್ಕೆ ಕುಟ್ಟಿ ಒಡೆಯುತ್ತದೆ. ಕಂಕುಳಲ್ಲಿ ಸಡಿಲ ಚರ್ಮದ ಚೀಲವೂ ಇದೆ. ಹಿಡಿದ ಆಹಾರವನ್ನು ಅದರಲ್ಲಿ ತುಂಬಿಕೊಂಡು ಮೇಲೆ ಬರುತ್ತದೆ. ತಾಯಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮರಿಯ ತುಪ್ಪಳದಲ್ಲಿ ಎಷ್ಟು ಗಾಳಿಯೆಂದರೆ ಅದು ಮುಳುಗಲೆತ್ನಿಸಿದರೂ ಮುಳುಗದು. ತಾಯಿ ಬೇಟೆಗೆ ಹೊರಟಾಗ ಮರಿ ತೇಲಿಹೋಗದಂತೆ ಕೆಲ್ಪ್ ಎಂಬ ಉದ್ದನೆಯ ಕಡಲಕಳೆಯನ್ನು ಅದಕ್ಕೆ ಸುತ್ತಿಡುವುದುಂಟು.

ಈ ತುಪ್ಪಳದ ಮೇಲೆ ವ್ಯಾಪಾರಿಗಳ ಕಣ್ಣು ಬಿದ್ದದ್ದು ಒಂದು ಅಪಘಾತದಿಂದ. 1741ರಲ್ಲಿ ರಷ್ಯಾದ ಸೇವೆಯಲ್ಲಿದ್ದ ನಾವಿಕ ವಿಟಸ್ ಬೇರಿಂಗ್‌ನ ಹಡಗು ನಿರ್ಜನ ದ್ವೀಪವೊಂದರಲ್ಲಿ ಒಡೆಯಿತು. ಬೇರಿಂಗ್ ಅಲ್ಲೇ ತೀರಿಕೊಂಡ. ಉಳಿದವರು ಕಡಲ ನೀರುನಾಯಿಯ ಮಾಂಸ ತಿಂದು ಚಳಿಗಾಲ ಕಳೆದರು. 1742ರಲ್ಲಿ ಒಡೆದ ಹಡಗಿನ ಮರದಿಂದಲೇ ದೋಣಿ ಕಟ್ಟಿ ಊರು ಸೇರಿದಾಗ ಅವರ ಬಳಿ ನೂರಾರು ಚರ್ಮಗಳಿದ್ದವು. ಚೀನದ ಸಿರಿವಂತರು ಅವಕ್ಕೆ ಹೇಳಿದ ಬೆಲೆ ಕೊಡಲು ಸಿದ್ಧರಿದ್ದರು. ಬೇಟೆಗಾರರು ದಂಡುಗಟ್ಟಿ ಹೊರಟರು. ಅಲ್ಯೂಷಿಯನ್ ದ್ವೀಪಗಳ ಮೂಲನಿವಾಸಿ ಅಲ್ಯೂಟರ ಹೆಂಡಿರು ಮಕ್ಕಳನ್ನು ಒತ್ತೆ ಇಟ್ಟುಕೊಂಡು, ಗಂಡಸರನ್ನು ಬಲವಂತವಾಗಿ ಬೇಟೆಗೆ ಅಟ್ಟಿದರು. ಹಿಂಸೆ, ರೋಗಗಳಿಗೆ ಸಿಕ್ಕಿ ಆ ಜನಾಂಗವೇ ಕುಗ್ಗಿಹೋಯಿತು. ಬೇರಿಂಗ್‌ನ ಸಂಗಡಿಗ ಜಾರ್ಜ್ ಸ್ಟೆಲ್ಲರ್ ಆ ದ್ವೀಪದಲ್ಲಿ ಕಂಡು ವರ್ಣಿಸಿದ್ದ ಬೃಹತ್ ಕಡಲಹಸು ಬೇಟೆಗಾರರ ಊಟವಾಗಿ 1768ರ ಹೊತ್ತಿಗೆ ಭೂಮಿಯಿಂದಲೇ ಅಳಿಯಿತು.

1778ರಲ್ಲಿ ಕ್ಯಾಪ್ಟನ್ ಕುಕ್‌ನ ನಾವಿಕರು ಇಂದಿನ ಕೆನಡಾದ ನೂಟ್ಕಾ ಕರಾವಳಿಯಲ್ಲಿ ಚಿಲ್ಲರೆ ಸಾಮಾನು ಕೊಟ್ಟು ಪಡೆದ ಚರ್ಮಗಳು ಕ್ಯಾಂಟನ್ ಬಂದರಿನಲ್ಲಿ ಭಾರಿ ಬೆಲೆಗೆ ಮಾರಾಟವಾದವು. ಸುದ್ದಿ ಹಬ್ಬಿತು. ಭಾರತದ ಮುಂಬಯಿಯಿಂದಲೂ ಎರಡು ಹಡಗುಗಳು ಇದೇ ವ್ಯಾಪಾರಕ್ಕೆಂದು ಹೊರಟು 1786ರಲ್ಲಿ ನೂಟ್ಕಾ ಮುಟ್ಟಿದವು. ಒಂದು ಕಾಲಕ್ಕೆ ಒಂದೂವರೆ ಲಕ್ಷದಿಂದ ಮೂರು ಲಕ್ಷದಷ್ಟಿದ್ದ ಪ್ರಾಣಿಗಳು ಇಪ್ಪತ್ತನೇ ಶತಮಾನದ ಆರಂಭಕ್ಕೆ ಒಂದೆರಡು ಸಾವಿರಕ್ಕೆ ಇಳಿದವು. 1911ರಲ್ಲಿ ಅಮೆರಿಕ, ರಷ್ಯಾ, ಜಪಾನ್, ಬ್ರಿಟನ್‌ಗಳು ಮಾಡಿಕೊಂಡ ಒಪ್ಪಂದ ಬೇಟೆಗೆ ತಡೆ ಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ಸಂತತಿಯೇ ಅಳಿಯಿತೆಂದು ಜನ ನಂಬಿದ್ದಾಗ, 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಸಣ್ಣದೊಂದು ಗುಂಪು ಕಣ್ಣಿಗೆ ಬಿತ್ತು. ಇಂದು ಅಲ್ಲಿರುವ ಸುಮಾರು 3000 ಪ್ರಾಣಿಗಳು ಆ ಉಳಿದ ಬೆರಳೆಣಿಕೆಯವುಗಳ ವಂಶ.

ಇಷ್ಟು ಕಾಲ ಮನುಷ್ಯ ಲೆಕ್ಕ ಹಾಕಿದ್ದು ಚರ್ಮವನ್ನು ಮಾತ್ರ. ಪ್ರಾಣಿ ಕಡಲಿಗೆ ಏನು ಮಾಡುತ್ತಿತ್ತೆಂಬುದು ತಿಳಿದದ್ದು ಬಹಳ ತಡವಾಗಿ. ಅಲ್ಯೂಷಿಯನ್ ಸಾಲಿನ ಆಮ್ಚಿಟ್ಕಾ ದ್ವೀಪದ ಸುತ್ತ ನೀರುನಾಯಿಗಳು ಮತ್ತೆ ಹೆಚ್ಚಿದ್ದವು. ಶೆಮ್ಯಾ ದ್ವೀಪದಲ್ಲಿ ಇರಲಿಲ್ಲ. ಜೇಮ್ಸ್ ಎಸ್ಟೆಸ್ ಮತ್ತು ಜಾನ್ ಪಾಮಿಸಾನೊ ಎಂಬ ವಿಜ್ಞಾನಿಗಳು ಎರಡನ್ನೂ ಹೋಲಿಸಿ 1974ರಲ್ಲಿ ವರದಿ ಪ್ರಕಟಿಸಿದರು. ಆಮ್ಚಿಟ್ಕಾದ ನೀರಿನಡಿ ಕೆಲ್ಪ್ ಕಾಡಿನಂತೆ ಬೆಳೆದಿತ್ತು. ಶೆಮ್ಯಾದ ತಳ ಬೋಳಾಗಿತ್ತು; ಅಲ್ಲಿದ್ದದ್ದು ಅರ್ಚಿನ್‌ಗಳ ಹಿಂಡು. ಕಾರಣ ಸರಳ. ಅರ್ಚಿನ್ ಕೆಲ್ಪನ್ನು ಮೇಯುತ್ತದೆ, ನೀರುನಾಯಿ ಅರ್ಚಿನ್ನನ್ನು ತಿನ್ನುತ್ತದೆ. ತಿನ್ನುವವನು ಇಲ್ಲವಾದರೆ ಅರ್ಚಿನ್ ಮಿತಿಮೀರಿ, ಕೆಲ್ಪ್ ಕಾಡನ್ನೂ ಅದರಲ್ಲಿ ನೆಲೆಸಿದ ಮೀನುಗಳನ್ನೂ ಕಳೆಯುತ್ತದೆ. 1990ರ ದಶಕದಲ್ಲಿ ಅಲ್ಯೂಷಿಯನ್‌ನಲ್ಲಿ ನೀರುನಾಯಿಗಳ ಸಂಖ್ಯೆ ಕುಸಿದಾಗ ಇದೇ ಮರುಕಳಿಸಿತು. ಆ ಕುಸಿತಕ್ಕೆ ಓರ್ಕಾ ತಿಮಿಂಗಿಲಗಳು ಅವುಗಳನ್ನು ತಿನ್ನತೊಡಗಿದ್ದೇ ಕಾರಣವೆಂದು ಎಸ್ಟೆಸ್ ಮತ್ತು ಸಂಗಡಿಗರು 1998ರಲ್ಲಿ ವಾದಿಸಿದರು.

ಬೇಟೆ ನಿಂತರೂ ತುಪ್ಪಳದ ದೌರ್ಬಲ್ಯ ಉಳಿದಿದೆ. 1989ರ ಮಾರ್ಚ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಕಚ್ಚಾತೈಲ ಅಲಾಸ್ಕಾ ಕರಾವಳಿಗೆ ಸೋರಿದಾಗ ಸತ್ತ ಸುಮಾರು ಸಾವಿರ ನೀರುನಾಯಿಗಳು ಸಿಕ್ಕವು. ಎಣ್ಣೆ ಮೆತ್ತಿದ ಕೂದಲಲ್ಲಿ ಗಾಳಿ ನಿಲ್ಲದೆ ಎಷ್ಟೋ ಪ್ರಾಣಿಗಳು ಚಳಿಗೆ ಸತ್ತಿದ್ದವು. ಅಲ್ಲಿನ ಸಂಖ್ಯೆ ಮೊದಲಿನ ಮಟ್ಟಕ್ಕೆ ಬರಲು ಸುಮಾರು ಕಾಲು ಶತಮಾನ ಹಿಡಿಯಿತು. ಇತ್ತ ಏಡಿ, ಚಿಪ್ಪು ಹಿಡಿದು ಬದುಕುವ ಮೀನುಗಾರರದ್ದು ಬೇರೆಯೇ ದೂರು: ನೀರುನಾಯಿ ತಮ್ಮ ಅನ್ನಕ್ಕೆ ಪಾಲುದಾರ ಎಂದು. ಅವರ ಕಷ್ಟ ಸುಳ್ಳಲ್ಲ. ಆದರೆ ಅವರ ಏಡಿ, ಚಿಪ್ಪುಗಳು ಹೇರಳವಾಗಿ ಬೆಳೆದದ್ದೇ ನೀರುನಾಯಿ ಇಲ್ಲದ ಕಾಲದಲ್ಲಿ. ಆ ಲಾಭದ ಎದುರು ಬೋಳಾದ ಕಡಲತಳವನ್ನೂ ಬರೆದುಕೊಂಡರೆ ಮಾತ್ರ ಲೆಕ್ಕ ಸರಿಹೋಗುತ್ತದೆ.