‘ಸೈನ್ ಹಾಕಿ ಬಾ’ ಅನ್ನಬೇಡಿ

(ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳು)

ಊಟಕ್ಕೆ ಮುಂಚೆ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನಾನು ವಕೀಲನಲ್ಲ, ದುಬೈನಲ್ಲಿ ಹದಿನೆಂಟು ವರ್ಷದಿಂದ ಸ್ಟೋರ್ ಕೀಪರ್. ನಾನು ಮಾಡಿದ ಒಂದು ತಪ್ಪಿನಿಂದ ಕಲಿತದ್ದನ್ನು ಮಾತ್ರ ಹೇಳ್ತೀನಿ.

ಕೆಲವು ವರ್ಷಗಳ ಹಿಂದೆ ನಮ್ಮ ರೂಮಿನಲ್ಲಿ ಕುಂದಾಪುರ ಕಡೆಯ ಒಬ್ಬ ಹುಡುಗ ಇದ್ದ. ಗೋಡೌನಿನಲ್ಲಿ ಕೇಬಲ್ ಕಾಣೆಯಾಯ್ತು ಅಂತ ಅವನ ಮೇಲೆ ಕಂಪ್ಲೇಂಟ್ ಆಯ್ತು. ಸ್ಟೇಷನ್ನಿನಿಂದ ನನಗೆ ಫೋನ್ ಮಾಡಿದ. “ಅಣ್ಣಾ, ಅರೇಬಿಕ್‌ನಲ್ಲಿ ಎಂತದೋ ಬರೆದಿದ್ದಾರೆ, ಸೈನ್ ಹಾಕು ಅಂತಾರೆ. ಎಂತ ಮಾಡುದು?” ನಾನು ಡ್ಯೂಟಿಯಲ್ಲಿದ್ದೆ. “ಸುಮ್ನೆ ಗಲಾಟೆ ಮಾಡ್ಬೇಡ, ಸೈನ್ ಹಾಕಿ ಬಾ” ಅಂದೆ.

ಅವನು ವಾಪಸ್ ಬರಲಿಲ್ಲ. ಆ ಕಾಗದದಲ್ಲಿ ‘ನಾನೇ ತೆಗೆದೆ’ ಅಂತ ಇತ್ತು ಅನ್ನೋದು ನಮಗೆ ತಿಳಿದದ್ದು ಕೋರ್ಟಿನಲ್ಲಿ. ಅವನ ಪರ ವಕೀಲರಿರಲಿಲ್ಲ. ಮೂರು ತಿಂಗಳು ಜೈಲು, ಆಮೇಲೆ ಡಿಪೋರ್ಟ್. ಅಪೀಲಿಗೆ 15 ದಿನದ ಗಡುವು ಇದೆ ಅಂತ ಗೊತ್ತಾದಾಗ ಇಪ್ಪತ್ತು ದಿನ ಕಳೆದಿತ್ತು. ಅವನು ಕೇಬಲ್ ತೆಗೆದಿದ್ದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅದು ತೀರ್ಮಾನ ಆಗಬೇಕಾದ ಜಾಗದಲ್ಲಿ ಅವನ ಪರವಾಗಿ ಒಂದು ಪ್ರಶ್ನೆ ಕೇಳುವವರೂ ಇರಲಿಲ್ಲ.

ಇಲ್ಲಿಯ ಕಾನೂನು ಏನು ಹೇಳುತ್ತೆ? ಯುಎಇಯಲ್ಲಿ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಕೇಸಿನ ವಿಚಾರಣೆಗೆ ವಕೀಲರು ಇರಲೇಬೇಕು. ಆರೋಪಿ ಇಟ್ಟುಕೊಳ್ಳದಿದ್ದರೆ ಕೋರ್ಟೇ ನೇಮಿಸುತ್ತೆ, ಖರ್ಚು ಸರ್ಕಾರದ್ದು. ಅದಕ್ಕಿಂತ ಕೆಳಗಿನ ಗಂಭೀರ ಅಪರಾಧಗಳಲ್ಲಿ, ದುಡ್ಡಿಲ್ಲದವನು ತನಗೊಬ್ಬ ವಕೀಲರನ್ನು ಕೊಡಿ ಅಂತ ಕೋರ್ಟನ್ನು ಕೇಳಬಹುದು. ಇನ್ನು ಕೈ ಮಿಲಾಯಿಸಿದ ಜಗಳ, ಸಣ್ಣ ಕಳವು ಇಂಥ ಕೇಸುಗಳು. ಇಲ್ಲಿ ನಾವೇ ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಕೋರ್ಟು ಕೊಡಲೇಬೇಕು ಅಂತಿಲ್ಲ. ಹೆಸರಿಗೆ ಸಣ್ಣ ಕೇಸು. ಆದರೆ ವೀಸಾಕ್ಕೆ ಅಂತ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದಾಗ, ಡಿಪೋರ್ಟ್ ಆಗುವುದು ಸಣ್ಣದೇ?

ಊರಿನಲ್ಲಿ ಸಂವಿಧಾನದ 22ನೇ ವಿಧಿ ಇದೆ, ಬಂಧಿತನಿಗೆ ತನ್ನ ಆಯ್ಕೆಯ ವಕೀಲರನ್ನು ಕಾಣುವ ಹಕ್ಕಿದೆ. ಬಡವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1979ರಲ್ಲೇ ಹುಸೇನಾರಾ ಖಾತೂನ್ ಕೇಸಿನಲ್ಲಿ ಹೇಳಿದೆ. ಆದರೆ ಆ ಸಂವಿಧಾನ ನಮ್ಮ ಜೊತೆ ವಿಮಾನ ಹತ್ತಿ ಬರೋದಿಲ್ಲ.

ಇಲ್ಲಿ ನಮ್ಮ ಕೈಗೆ ಸಿಗುವುದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಬೇರೆ ದೇಶದವನನ್ನು ಬಂಧಿಸಿದರೆ, ಅವನು ಕೇಳಿಕೊಂಡರೆ, ಅವನ ಕಾನ್ಸುಲೇಟಿಗೆ ತಿಳಿಸಬೇಕು. ಹೀಗೊಂದು ಹಕ್ಕು ಇದೆ ಅಂತ ಅವನಿಗೂ ಹೇಳಬೇಕು. ಕಾನ್ಸುಲೇಟಿನವರು ಬಂದು ನೋಡಬಹುದು, ವಕೀಲರ ಏರ್ಪಾಡು ಮಾಡಬಹುದು. ಕುಲಭೂಷಣ್ ಜಾಧವ್ ಕೇಸಿನಲ್ಲಿ ಪಾಕಿಸ್ತಾನ ಇದನ್ನು ಮುರಿದಿದೆ ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು. ‘ಕೇಳಿಕೊಂಡರೆ’ ಅನ್ನೋ ಮಾತು ಮಾತ್ರ ಮರೀಬೇಡಿ. ಆ ಹುಡುಗ ಕೇಳಲಿಲ್ಲ. ಹೇಳಿಕೊಡಬೇಕಾದ ನಾನೂ ಹೇಳಲಿಲ್ಲ.

ದುಡ್ಡಿನ ಮಾತು ಬಂದರೆ, 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕಷ್ಟದಲ್ಲಿರುವ ಅರ್ಹರಿಗೆ ಅದರಿಂದ ಕಾನೂನು ನೆರವು ಸಿಗುತ್ತೆ. ಪಾಸ್‌ಪೋರ್ಟ್ ಮುಂತಾದ ಕೆಲಸಕ್ಕೆ ಹೋದಾಗ ನಾವು ಕಟ್ಟುವ ಸಣ್ಣ ಶುಲ್ಕ ಅದಕ್ಕೆ ಸೇರುತ್ತೆ. ಹಾಗಾಗಿ ಕೇಳೋಕೆ ನಾಚಿಕೆ ಬೇಡ, ಅದು ನಮ್ಮದೇ ದುಡ್ಡು.

ಇಷ್ಟು ನೆನಪಿಡಿ. ಓದಲು ಬಾರದ ಕಾಗದಕ್ಕೆ ಸೈನ್ ಹಾಕಬೇಡಿ. ಅರೇಬಿಕ್ ಬಾರದಿದ್ದರೆ ದುಭಾಷಿಯನ್ನು ಕೇಳಿ. ಹಿಂದಿ ಅರ್ಧಂಬರ್ಧ ಬಂದರೆ ‘ಹಾಂ ಹಾಂ’ ಅನ್ನಬೇಡಿ, ಅರ್ಥ ಆಗಲಿಲ್ಲ ಅಂತ ಹೇಳಿ. ಕಾನ್ಸುಲೇಟಿಗೆ ತಿಳಿಸಿ ಅಂತ ಮರ್ಯಾದೆಯಿಂದಲೇ ಕೇಳಿ. ಟೈಪಿಂಗ್ ಸೆಂಟರಿನವರು ಅರ್ಜಿ ಬರೆದುಕೊಡ್ತಾರೆ, ಕೋರ್ಟಿನಲ್ಲಿ ವಾದ ಮಾಡೋದಿಲ್ಲ; ಅದಕ್ಕೆ ಪರವಾನಗಿ ಇರುವ ವಕೀಲರೇ ಬೇಕು. ತೀರ್ಪು ಬಂದ ದಿನವೇ ಅಪೀಲಿನ ಬಗ್ಗೆ ವಿಚಾರಿಸಿ.

ಆ ಹುಡುಗ ಈಗ ಊರಲ್ಲಿ ರಿಕ್ಷಾ ಓಡಿಸ್ತಾನೆ. ಹಬ್ಬಕ್ಕೆ ಫೋನ್ ಮಾಡ್ತಾನೆ. “ಅಣ್ಣಾ, ನೀವು ಹೇಳಿದ್ದಕ್ಕೆ ಸೈನ್ ಹಾಕಿದೆ” ಅಂತ ಒಂದು ದಿನವೂ ಅಂದಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರ ಆಗ್ತಿತ್ತು.

ನಾಳೆ ನಿಮ್ಮ ರೂಮಿನ ಹುಡುಗ ಯಾರಾದರೂ ಹಾಗೆ ಫೋನ್ ಮಾಡಿದರೆ, ದಯವಿಟ್ಟು ನಾನು ಹೇಳಿದ್ದನ್ನು ಹೇಳಬೇಡಿ. “ಸೈನ್ ಹಾಕಬೇಡ, ನಾವು ಬರ್ತಾ ಇದ್ದೀವಿ” ಅನ್ನಿ.