ವಿಂಗ್ ಕಮಾಂಡರ್ ದತ್ತಣ್ಣ



‘ಸೈನ್ಯದಲ್ಲಿದ್ದ ಕಲಾವಿದರು’ ಎನ್ನುವುದು ಸಂಘದವರು ಕೊಟ್ಟ ವಿಷಯ. ಇಂಥ ವಿಷಯಕ್ಕೆ ಎಲ್ಲರೂ ಅಮೆರಿಕದಿಂದಲೇ ಶುರು ಮಾಡುತ್ತಾರೆ. ನಾನು ಈ ಊರಿನ, ಹರಿಹರದ, ಹೆಸರಿನಿಂದ ಶುರು ಮಾಡುತ್ತೇನೆ. ಹೆಚ್.ಜಿ. ದತ್ತಾತ್ರೇಯ, ಅಂದರೆ ನಮ್ಮ ದತ್ತಣ್ಣ. ಪೂರ್ತಿ ಹೆಸರು ಹರಿಹರ ಗುಂಡೂರಾವ್ ದತ್ತಾತ್ರೇಯ. ಹುಟ್ಟಿದ್ದು 1942ರಲ್ಲಿ, ಚಿತ್ರದುರ್ಗದಲ್ಲಿ. ಹರಿಹರ, ದಾವಣಗೆರೆ ಎರಡೂ 1997ರವರೆಗೆ ಅದೇ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಹಾಗಾಗಿ ಅವರನ್ನು ನಮ್ಮವರೆಂದು ಹೇಳಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಹರಿಹರೇಶ್ವರನ ಊರಲ್ಲಿ ನಿಂತು, ಅರ್ಧ ಯೋಧ ಅರ್ಧ ನಟ ಎಂದು ಒಂದು ಹೋಲಿಕೆ ಕೊಟ್ಟರೆ ಚಪ್ಪಾಳೆ ಬೀಳುತ್ತದೆ. ಕೊಡುವುದಿಲ್ಲ, ಏಕೆಂದರೆ ಅದು ನಿಜವಲ್ಲ. ದತ್ತಣ್ಣನವರ ಬದುಕು ಹಾಗೆ ಎರಡು ಹೋಳಾಗಿಲ್ಲ. ಎಂಜಿನಿಯರಿಂಗ್ ಓದಿ ವಾಯುಸೇನೆ ಸೇರಿದರು. ಇಪ್ಪತ್ತು ವರ್ಷಕ್ಕೂ ಮೀರಿ ಸೇವೆ ಮಾಡಿ ವಿಂಗ್ ಕಮಾಂಡರ್ ಆಗಿ ನಿವೃತ್ತರಾದರು. ಆಮೇಲೆ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಅಧಿಕಾರಿಯಾದರು. ನಾಟಕದ ಗೀಳು ಮಾತ್ರ ಸಮವಸ್ತ್ರದೊಳಗೂ ಜೊತೆಗೇ ಇತ್ತು. ನಾಗಾಭರಣ ಅವರ ‘ಆಸ್ಫೋಟ’ ಚಿತ್ರ ಬಂದಾಗ, ಅಂದರೆ 1988ರಲ್ಲಿ, ಅವರಿಗೆ ನಲವತ್ತಾರು ವಯಸ್ಸು. ಆ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟ ರಾಜ್ಯ ಪ್ರಶಸ್ತಿ ಬಂತು. ನಮ್ಮ ನಾಯಕನಟರು ತಲೆಗೆ ಬಣ್ಣ ಹಚ್ಚತೊಡಗುವ ವಯಸ್ಸಿನಲ್ಲಿ ಇವರ ಸಿನಿಮಾ ಶುರುವಾಯಿತು.

ಈಗ ಬೇಕಾದರೆ ಹೊರಗಿನವರನ್ನು ನೋಡೋಣ. ಹಾಲಿವುಡ್ಡಿನ ಜೇಮ್ಸ್ ಸ್ಟೀವರ್ಟ್ ಆಸ್ಕರ್ ಗೆದ್ದ ಮೇಲೆ ಸೈನ್ಯ ಸೇರಿ, ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಮೇಲೆ ಬಾಂಬರ್ ವಿಮಾನ ಹಾರಿಸಿದರು. ಎಲ್ವಿಸ್ ಪ್ರೀಸ್ಲಿಯನ್ನು 1958ರಲ್ಲಿ ಕಡ್ಡಾಯ ಸೇವೆಗೆ ಕರೆದಾಗ, ಅವನ ಕೂದಲು ಕತ್ತರಿಸುವುದನ್ನೂ ಪತ್ರಿಕೆಯವರು ಫೋಟೊ ತೆಗೆದರು. ನಮ್ಮ ನೆರೆಯ ಮೋಹನ್‌ಲಾಲ್ ಅವರಿಗೆ 2009ರಲ್ಲಿ ಟೆರಿಟೋರಿಯಲ್ ಆರ್ಮಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟಿತು. ಇವರೆಲ್ಲ ಮೊದಲು ಹೆಸರು ಮಾಡಿದವರು, ಸಮವಸ್ತ್ರ ಆಮೇಲೆ ಬಂತು. ಭೂಸೇನೆಯ ಲೆಫ್ಟಿನೆಂಟ್ ಕರ್ನಲ್ಲಿಗೆ ಸರಿಸಮನಾದ ವಾಯುಸೇನೆಯ ಹುದ್ದೆ ಯಾವುದು ಗೊತ್ತೆ? ವಿಂಗ್ ಕಮಾಂಡರ್. ಮೋಹನ್‌ಲಾಲ್ ದೊಡ್ಡ ನಟರು, ಅದರಲ್ಲಿ ಎರಡು ಮಾತಿಲ್ಲ. ಅವರ ಭುಜಪಟ್ಟಿ ದೇಶಕ್ಕೆಲ್ಲ ಗೊತ್ತು. ಎರಡು ದಶಕ ದುಡಿದು ಪಡೆದ ದತ್ತಣ್ಣನವರ ಭುಜಪಟ್ಟಿ ಕನ್ನಡಿಗರಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ.

ಹಿಂದಿಯಲ್ಲಿ ಇವರಿಗೊಬ್ಬ ಜೋಡಿಯಿದ್ದರು, ಅಚ್ಯುತ ಪೋತದಾರ್. ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದು, ಆಮೇಲೆ ಇಂಡಿಯನ್ ಆಯಿಲ್‌ನಲ್ಲಿ ದುಡಿದು, ನಲವತ್ತು ದಾಟಿದ ಮೇಲೆ ಸಿನಿಮಾಕ್ಕೆ ಬಂದವರು. ‘3 ಈಡಿಯಟ್ಸ್’ ನೋಡಿದವರಿಗೆ ಆ ಮೇಷ್ಟ್ರ ಮುಖ ನೆನಪಿರುತ್ತದೆ.

ಸೈನಿಕ ಕಲಾವಿದನಾದರೆ ನಾವು ತಕ್ಷಣ ‘ಶಿಸ್ತು’ ಎನ್ನುತ್ತೇವೆ. ನನಗೆ ಆ ವಿವರಣೆ ರುಚಿಸುವುದಿಲ್ಲ. ಶಿಸ್ತಿಲ್ಲದೆ ಕಂಪನಿ ನಾಟಕ ನಡೆಯುತ್ತಿತ್ತೆ? ದಾವಣಗೆರೆಯ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನೇ ತೆಗೆದುಕೊಳ್ಳಿ. ಊರೂರಿಗೆ ಟೆಂಟು ಸಾಗಿಸಿ, ಮಳೆಯಿರಲಿ ಬಿಸಿಲಿರಲಿ ರಾತ್ರಿ ಪರದೆ ಏಳಿಸಲೇಬೇಕಿತ್ತು. ಅಲ್ಲೇ ಬೆಳೆದ ಅವರ ಮಗಳು ಚಿಂದೋಡಿ ಲೀಲಾ ಅವರಿಗೆ ಯಾವ ಕ್ಯಾಂಪಿನ ತಾಲೀಮೂ ಬೇಕಾಗಲಿಲ್ಲ. ಅವರಿಗೆ ಪದ್ಮಶ್ರೀ ಬಂದದ್ದೂ 1988ರಲ್ಲೇ, ದತ್ತಣ್ಣನವರ ‘ಆಸ್ಫೋಟ’ದ ವರ್ಷ.

ನಿಜವಾದ ವ್ಯತ್ಯಾಸ ಗಲ್ಲಾಪೆಟ್ಟಿಗೆಯಲ್ಲಿದೆ. ಕಂಪನಿಯವರ ಒಲೆ ಉರಿಯುತ್ತಿದ್ದದ್ದು ಅಂದಿನ ಟಿಕೆಟ್ಟಿನಿಂದ. ಜನಕ್ಕೆ ಹಿಡಿಸದ ನಾಟಕ ಆಡುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಸೇನೆಯ ಸಂಬಳ, ಆಮೇಲಿನ ಪಿಂಚಣಿ ಇದ್ದವರಿಗೆ ಆ ಸ್ವಾತಂತ್ರ್ಯ ಇರುತ್ತದೆ. ದತ್ತಣ್ಣನವರ ಅಣ್ಣ, ನಟ ಹೆಚ್.ಜಿ. ಸೋಮಶೇಖರ ರಾವ್ ಕೂಡ ಕೆನರಾ ಬ್ಯಾಂಕಿನ ಅಧಿಕಾರಿಯಾಗಿದ್ದರು. ನಟ ದೊಡ್ಡಣ್ಣ ಭದ್ರಾವತಿಯ ಉಕ್ಕಿನ ಕಾರ್ಖಾನೆಯಿಂದ ಬಂದವರು. ಬ್ಯಾಂಕು, ಕಾರ್ಖಾನೆ, ಸೇನೆ ಇವೆಲ್ಲ ತಮಗೆ ಅರಿವಿಲ್ಲದೆಯೇ ಕನ್ನಡ ನಟನೆಗೆ ಪೋಷಕರಾದವು. ಇಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳಿಗೊಮ್ಮೆ ಬರುವ ಸಂಬಳ ಮನುಷ್ಯನಿಗೆ ಎಷ್ಟು ಧೈರ್ಯ ಕೊಡುತ್ತದೆ, ಅದು ನಿಂತಾಗ ಏನಾಗುತ್ತದೆ, ಎರಡೂ ನಿಮಗೆ ಗೊತ್ತು.

ಆ ಧೈರ್ಯದ ಫಲ ದತ್ತಣ್ಣನವರ ಪಾತ್ರಗಳಲ್ಲಿ ಕಾಣುತ್ತದೆ. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಧಾರಾವಾಹಿಯ ಶಾಸ್ತ್ರಿಗಳನ್ನು ಮರೆತವರುಂಟೆ? ಅನಂತಮೂರ್ತಿಯವರ ಕಥೆ ಆಧರಿಸಿ ಲಿಂಗದೇವರು ಮಾಡಿದ ‘ಮೌನಿ’ಯಲ್ಲಿ ಅವರು ಮಾತು ಕಡಿಮೆ ಮಾಡಿಕೊಂಡು, ಮುಖದಲ್ಲೇ ಒಂದು ಹಠವನ್ನು ಹಿಡಿದಿಟ್ಟರು. ಪಿ. ಶೇಷಾದ್ರಿಯವರ ‘ಭಾರತ್ ಸ್ಟೋರ್ಸ್’ನಲ್ಲಿ ಮಾಲ್‌ಗಳ ಹೊಡೆತಕ್ಕೆ ಸಿಕ್ಕ ಕಿರಾಣಿ ಅಂಗಡಿಯ ಶೆಟ್ಟರಾದರು, ರಾಷ್ಟ್ರ ಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖ ದಕ್ಕಿತು. ಹಾಗೆಂದು ಅವರು ಬರೀ ಗಂಭೀರವಲ್ಲ. ಜಗ್ಗೇಶ್ ಜೊತೆಗಿನ ‘ನೀರ್ ದೋಸೆ’ಯ ಪೋಲಿ ಮಾತಿನ ನಡುವೆಯೂ ಅವರು ಸಲೀಸಾಗಿ ಕೂತರು. ಕೆಲವು ಅಭಿಮಾನಿಗಳಿಗೆ ಇರುಸುಮುರುಸಾಗಿರಬಹುದು. ನನಗಂತೂ ಖುಷಿಯಾಯಿತು.

ಇದರಲ್ಲೊಂದು ತಮಾಷೆಯಿದೆ. ಕನ್ನಡ ಚಿತ್ರರಂಗ ಸೈನಿಕನ ಪಾತ್ರ ಬೇಕಾದಾಗ ವಿಷ್ಣುವರ್ಧನ್ ಅವರಿಗೆ ಸಮವಸ್ತ್ರ ತೊಡಿಸಿ ‘ಮುತ್ತಿನ ಹಾರ’ ಮಾಡಿತು. ಚಿತ್ರ ಚೆನ್ನಾಗಿಯೇ ಬಂತು. ನಿಜವಾದ ವಿಂಗ್ ಕಮಾಂಡರ್ ಎದುರಿಗೇ ಇದ್ದರು, ಅವರಿಗೆ ಜನಿವಾರ ಹಾಕಿಸಿ, ತಕ್ಕಡಿ ಹಿಡಿಸಿ ಕೂರಿಸಿತು. ನಟನೆಯೆಂದರೆ ಅದೇ ತಾನೆ? ತಾನು ಬಲ್ಲ ಬದುಕನ್ನೇ ತೋರಿಸುವುದಾದರೆ ನಟ ಏಕೆ ಬೇಕು? ಅವರ ಹಳೆಯ ವೃತ್ತಿಗೆ ಒಂದಿಷ್ಟು ಹತ್ತಿರ ಬಂದದ್ದು ಹಿಂದಿಯವರು. 2019ರ ‘ಮಿಷನ್ ಮಂಗಲ್’ನಲ್ಲಿ ಅವರು ಇಸ್ರೋದ ಹಿರಿಯ ವಿಜ್ಞಾನಿ ಅನಂತ ಅಯ್ಯಂಗಾರ್ ಆದರು, ಎಪ್ಪತ್ತೇಳರ ವಯಸ್ಸಿನಲ್ಲಿ. ನಿರ್ದೇಶಕ ಜಗನ್ ಶಕ್ತಿ ಕನ್ನಡಿಗರೇ ಆದ್ದರಿಂದ ಯಾರನ್ನು ಕರೆಯಬೇಕೆಂಬುದು ಅವರಿಗೆ ಗೊತ್ತಿತ್ತು.

ಸಂಘದವರಲ್ಲಿ ಒಂದು ಕೋರಿಕೆ. ಮಾತು ಎಷ್ಟು ಆಡಿದರೂ ನಟನನ್ನು ತೋರಿಸಿದ ಹಾಗಾಗುವುದಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ಉಪನ್ಯಾಸಕರನ್ನು ಕರೆಯುವ ಬದಲು ‘ಭಾರತ್ ಸ್ಟೋರ್ಸ್’ ಹಾಕಿ. ದಾವಣಗೆರೆಯ ಮಂಡಿಪೇಟೆಯ ಅಂಗಡಿಯವರನ್ನೂ ಕರೆಯಿರಿ. ಶೆಟ್ಟರ ತೂಕ ಸರಿಯಾಗಿದೆಯೋ ಇಲ್ಲವೋ ಅವರೇ ಹೇಳಲಿ.